ಹೃದಯಾಘಾತದ ನಂತರದ ಲೆಕ್ಕ: ಚಿಕಿತ್ಸೆ, ಪುನಶ್ಚೇತನ ಮತ್ತು ವ್ಯಾಪಾರದ ಉಳಿವು

ಗೋದಾಮಿನ ಸರಕಿಗೆ ಬೆಂಕಿ ವಿಮೆ, ಲಾರಿಗೆ ವಾಹನ ವಿಮೆ ಮಾಡಿಸುವ ವರ್ತಕರು ಇವೆಲ್ಲವನ್ನೂ ನಡೆಸುವ ತಮ್ಮ ದೇಹದ ವಿಷಯದಲ್ಲಿ ಮಾತ್ರ ಯಾವ ಮುಂಜಾಗ್ರತೆಯನ್ನೂ ವಹಿಸದಿರುವುದು ಸಾಮಾನ್ಯವಾಗಿ ಕಂಡುಬರುವ ಸಂಗತಿ. ಏಕಮಾಲೀಕತ್ವದ ಅಂಗಡಿಯಲ್ಲಾಗಲಿ, ಸಣ್ಣ ಕೈಗಾರಿಕಾ ಘಟಕದಲ್ಲಾಗಲಿ ಖರೀದಿ, ಮಾರಾಟ, ಉದ್ರಿ ವಸೂಲಿ, ಬ್ಯಾಂಕಿನ ಸಹಿ ಎಲ್ಲವೂ ಒಬ್ಬನೇ ವ್ಯಕ್ತಿಯನ್ನು ಅವಲಂಬಿಸಿರುತ್ತವೆ. ಆತನಿಗೆ ಹೃದಯಾಘಾತವಾದಾಗ ರಜೆಯ ವೇತನ ನೀಡುವವರು ಯಾರೂ ಇರುವುದಿಲ್ಲ. ಆದ್ದರಿಂದ ಉದ್ಯಮಿಯ ಪಾಲಿಗೆ ಈ ಕಾಯಿಲೆಯ ಖರ್ಚು ಒಂದಲ್ಲ, ಮೂರು: ಆಸ್ಪತ್ರೆಯ ಬಿಲ್ಲು, ಮುಂದಿನ ವರ್ಷವಿಡೀ ನಡೆಯುವ ಔಷಧೋಪಚಾರ ಹಾಗೂ ಪುನಶ್ಚೇತನ, ಮತ್ತು ಬಾಗಿಲು ಮುಚ್ಚಿದ ದಿನಗಳ ನಷ್ಟ. ಬಹುತೇಕರು ಮೊದಲನೆಯದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದೆರಡಕ್ಕೂ ದುಡಿಯುವ ಬಂಡವಾಳದಿಂದಲೇ ಹಣ ತೆಗೆಯುವುದರಿಂದ, ಮಾಲೀಕ ಗುಣವಾದರೂ ವ್ಯಾಪಾರ ಸೊರಗುತ್ತದೆ.

ಮೊದಲ ಗಂಟೆಗಳ ಬೆಲೆ

ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಸೋಡಾ ಕುಡಿದು, ಗಿರಾಕಿಗಳು ತೆರಳಿದ ಮೇಲೆ ನೋಡಿಕೊಳ್ಳೋಣವೆಂದು ಗಲ್ಲಾದ ಮುಂದೆಯೇ ಕುಳಿತಿರುವವರುಂಟು. ರಕ್ತನಾಳ ಮುಚ್ಚಿಕೊಂಡಷ್ಟು ಹೊತ್ತೂ ಹೃದಯದ ಸ್ನಾಯು ಸಾಯುತ್ತಾ ಹೋಗುತ್ತದೆ. ಹೆಚ್ಚು ಸ್ನಾಯು ನಷ್ಟವಾದಷ್ಟೂ ಮುಂದಿನ ದುಡಿಮೆಯ ಶಕ್ತಿ ಕುಂದುತ್ತದೆ, ಜೀವನಪರ್ಯಂತದ ವೆಚ್ಚ ಏರುತ್ತದೆ. ಹೀಗಾಗಿ ತಡಮಾಡದೆ 108 ವಾಹನವನ್ನು ಕರೆಸಿ ಇ.ಸಿ.ಜಿ. ಮಾಡಿಸುವುದೇ ಮೊದಲ ಉಳಿತಾಯ. ಸ್ವತಃ ಸ್ಕೂಟರ್ ನಡೆಸಿಕೊಂಡು ಹೋಗುವುದು ಅಪಾಯಕರ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಆಯ್ದ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ತಮ್ಮ ಊರಿಗೆ ಸಮೀಪವಾದ ಅಂತಹ ಆಸ್ಪತ್ರೆ ಯಾವುದೆಂದು ಮೊದಲೇ ತಿಳಿದಿರುವುದು ಉಚಿತ.

ಆಸ್ಪತ್ರೆಯ ಬಿಲ್ಲು

2017ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು, ಅಲ್ಲಿಯವರೆಗೆ ಲಕ್ಷ ರೂಪಾಯಿ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿನ ಗರಿಷ್ಠ ಬೆಲೆಯನ್ನು ತೆರಿಗೆ ಹೊರತುಪಡಿಸಿ 29,600 ರೂ.ಗಳಿಗೆ ಇಳಿಸಿತು. ಆ ಮಿತಿ ತದನಂತರ ಕಾಲಕಾಲಕ್ಕೆ ಪರಿಷ್ಕೃತವಾಗಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ ಮತ್ತು ಹೆಸರನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಕೊಠಡಿ, ವೈದ್ಯರ ಶುಲ್ಕ ಮತ್ತಿತರ ವೆಚ್ಚಗಳಿಗೆ ಈ ಮಿತಿ ಅನ್ವಯಿಸುವುದಿಲ್ಲವಾದ್ದರಿಂದ ಒಟ್ಟು ಅಂದಾಜನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು.

2018ರಲ್ಲಿ ಒಂದುಗೂಡಿಸಲಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ನೆರವು ನೀಡುತ್ತದೆ. ವರ್ತಕರಲ್ಲಿ ಅನೇಕರು ಎ.ಪಿ.ಎಲ್. ವರ್ಗದವರು. ಅವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಕುಟುಂಬಕ್ಕೆ ವಾರ್ಷಿಕ 1.5 ಲಕ್ಷ ರೂ. ಮಿತಿಯೊಳಗೆ ದೊರೆಯುತ್ತದೆ. ಸಹಕಾರ ಸಂಘಗಳ ಸದಸ್ಯರು 2023ರಿಂದ ಮತ್ತೆ ಜಾರಿಯಾದ ಯಶಸ್ವಿನಿ ಯೋಜನೆಯ ನೋಂದಣಿಯನ್ನು ವಿಚಾರಿಸಬಹುದು.

ವಿಮಾ ಪತ್ರದಲ್ಲಿ ಗಮನಿಸತಕ್ಕ ಅಂಶಗಳು

1. ಕೊಠಡಿ ಬಾಡಿಗೆಯ ಮಿತಿ: ದಿನಕ್ಕೆ 4,000 ರೂ. ಮಿತಿಯಿರುವವರು 8,000 ರೂ. ಕೊಠಡಿಯನ್ನು ಆರಿಸಿದರೆ, ಬಾಡಿಗೆಯಷ್ಟೇ ಅಲ್ಲದೆ ವೈದ್ಯರ ಶುಲ್ಕದಂತಹ ಬಾಬುಗಳಲ್ಲೂ ಅರ್ಧದಷ್ಟು ಕಡಿತವಾಗಬಹುದು. ಔಷಧ, ಸ್ಟೆಂಟ್ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕಡಿತ ಅನ್ವಯಿಸದು.

2. ನಿರೀಕ್ಷಣಾ ಅವಧಿ: ಮೊದಲೇ ಇರುವ ಕಾಯಿಲೆಗಳಿಗೆ ಇದು 3 ವರ್ಷ ಮೀರಬಾರದೆಂದು 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿದೆ. ರಕ್ತದೊತ್ತಡ, ಮಧುಮೇಹಗಳನ್ನು ಮರೆಮಾಚಿದರೆ ಪರಿಹಾರ ನಿರಾಕರಣೆಯ ಭಯವಿರುತ್ತದೆ.

3. ನವೀಕರಣ: ಒಮ್ಮೆ ಪರಿಹಾರ ಪಡೆದ ಕಾರಣಕ್ಕೆ ನವೀಕರಣವನ್ನು ನಿರಾಕರಿಸುವಂತಿಲ್ಲ. ಹೃದಯಾಘಾತದ ನಂತರ ಹೊಸ ವಿಮೆ ದೊರೆಯುವುದು ಕಷ್ಟವಾದ್ದರಿಂದ, ಹಣದ ಮುಗ್ಗಟ್ಟಿನಲ್ಲಿಯೂ ಹಳೆಯ ಪಾಲಿಸಿಯ ಕಂತನ್ನು ತಪ್ಪಿಸಬಾರದು.

4. ಗಂಭೀರ ಕಾಯಿಲೆ ವಿಮೆ: ಆಸ್ಪತ್ರೆಯ ಬಿಲ್ಲನ್ನು ಭರಿಸುವ ಸಾಮಾನ್ಯ ಪಾಲಿಸಿಗಿಂತ ಇದು ಭಿನ್ನ. ರೋಗ ದೃಢಪಟ್ಟು ನಿಬಂಧನೆಗಳು ಪೂರೈಸಿದಾಗ ಒಂದೇ ಗಂಟಿನ ಹಣ ಕೈಸೇರುತ್ತದೆ. ಅಂಗಡಿ ಬಾಡಿಗೆ, ಕೂಲಿ, ಬಡ್ಡಿ ಯಾವುದಕ್ಕೂ ಅದನ್ನು ಬಳಸಬಹುದು.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಹಾಗೂ ಕುಟುಂಬ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18 ಜಿ.ಎಸ್.ಟಿ. ರದ್ದಾಗಿದೆ. ಗುಂಪು ವಿಮೆಗೆ ಈ ವಿನಾಯಿತಿ ಅನ್ವಯಿಸಿಲ್ಲ.

ಪುನಶ್ಚೇತನ: ಬಿಟ್ಟರೆ ದುಬಾರಿ

ಬಿಡುಗಡೆಯ ನಂತರದ ಖರ್ಚನ್ನು ಅನೇಕ ಪಾಲಿಸಿಗಳು 60 ದಿನಗಳಂತಹ ಸೀಮಿತ ಅವಧಿಗೆ ಮಾತ್ರ ಭರಿಸುತ್ತವೆ. ಆದರೆ ಸ್ಟೆಂಟ್ ಅಳವಡಿಸಿದವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ, ಆಸ್ಪಿರಿನ್ ಹಾಗೂ ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆಯನ್ನು ಬಹುಕಾಲ ಸೇವಿಸಬೇಕಾಗುತ್ತದೆ. ಖರ್ಚಿಗೆ ಹೆದರಿ ಇವನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟಿ ಮತ್ತೊಮ್ಮೆ ಆಘಾತವಾಗುವ ಸಂಭವವಿದೆ. ಖರ್ಚು ತಗ್ಗಿಸಲು ಸರಿಯಾದ ಮಾರ್ಗವೆಂದರೆ, ವೈದ್ಯರಿಂದ ಔಷಧದ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ಕೊಳ್ಳುವುದು. ಅಲ್ಲಿನ ಬೆಲೆ ಪ್ರಸಿದ್ಧ ಬ್ರಾಂಡುಗಳಿಗಿಂತ ಅರ್ಧಕ್ಕೂ ಕಡಿಮೆಯಿರುವುದು ಸಾಮಾನ್ಯ.

ಮೇಲ್ವಿಚಾರಣೆಯ ವ್ಯಾಯಾಮ, ಆಹಾರ ನಿಯಮ, ತಂಬಾಕು ತ್ಯಾಗ ಮತ್ತು ಮನೋಧೈರ್ಯದ ಸಲಹೆ ಸೇರಿ ಹೃದಯ ಪುನಶ್ಚೇತನವೆನಿಸುತ್ತದೆ. ಇದರಿಂದ ಹೃದ್ರೋಗದ ಸಾವು ಸುಮಾರು ನಾಲ್ಕನೇ ಒಂದು ಭಾಗದಷ್ಟು ತಗ್ಗುವುದನ್ನು ಹಲವು ಅಧ್ಯಯನಗಳ ಒಟ್ಟು ಪರಾಮರ್ಶೆ ತೋರಿಸಿದೆ. ಯಂತ್ರೋಪಕರಣಗಳ ಕೇಂದ್ರ ಎಲ್ಲ ಊರುಗಳಲ್ಲಿಲ್ಲ ಎಂಬುದು ನಿಜ. ಆದರೆ ಭಾರತದ 24 ಆಸ್ಪತ್ರೆಗಳಲ್ಲಿ 3,959 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, 12 ವಾರಗಳಲ್ಲಿ 13 ತರಗತಿಗಳ ಯೋಗಾಧಾರಿತ ತರಬೇತಿ ಪಡೆದವರು ತಮ್ಮ ಹಿಂದಿನ ಚಟುವಟಿಕೆಗಳಿಗೆ ಉತ್ತಮವಾಗಿ ಮರಳಿದರು. ಸಾವು ಅಥವಾ ಮರು ಆಘಾತದ ಪ್ರಮಾಣದಲ್ಲಿ ಖಚಿತ ವ್ಯತ್ಯಾಸವನ್ನು ಅದು ಸಿದ್ಧಪಡಿಸಲಿಲ್ಲ. ಕಡಿಮೆ ವೆಚ್ಚದ ಮಾರ್ಗವೂ ದುಡಿಮೆಗೆ ಮರಳಲು ನೆರವಾಗುತ್ತದೆಂಬುದೇ ಉದ್ಯಮಿಗೆ ಮುಖ್ಯ. ಮೂಟೆ ಎತ್ತುವುದು, ಷಟರ್ ಎಳೆಯುವುದು, ದೂರದ ಖರೀದಿ ಪ್ರಯಾಣ ಇವುಗಳನ್ನು ವೈದ್ಯರ ಒಪ್ಪಿಗೆಯಿಲ್ಲದೆ ಪುನರಾರಂಭಿಸಬಾರದು.

ಬಾಗಿಲು ಮುಚ್ಚದಿರಲು

ಉದಾಹರಣೆಗೆ, ಒಂದು ಅಂಗಡಿಯ ಮಾಸಿಕ ಒಟ್ಟು ಲಾಭ 1,30,000 ರೂ., ಅದರಲ್ಲಿ ಬಾಡಿಗೆ, ಸಂಬಳ, ಬಡ್ಡಿಗಳಿಗೆ 80,000 ರೂ., ಮನೆವಾರ್ತೆಗೆ 50,000 ರೂ. ಹೋಗುವುದೆಂದು ಇಟ್ಟುಕೊಂಡರೆ, ಎರಡು ತಿಂಗಳು ಬಾಗಿಲು ಮುಚ್ಚಿದಾಗ 2,60,000 ರೂ. ಕೊರತೆ ಬೀಳುತ್ತದೆ. ಮನೆಯವರೋ ನಂಬಿಕೆಯ ಗುಮಾಸ್ತರೋ ಅರ್ಧ ವ್ಯಾಪಾರವನ್ನಾದರೂ ನಡೆಸಿದರೆ ಅದು 1,30,000 ರೂ.ಗಳಿಗೆ ಇಳಿಯುತ್ತದೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಪೂರ್ವಸಿದ್ಧತೆ ಬೇಕು.

ಬ್ಯಾಂಕ್ ಖಾತೆ ನಿರ್ವಹಿಸಲು ಎರಡನೆಯ ವ್ಯಕ್ತಿಗೆ ಅಧಿಕಾರ ಪತ್ರ, ಜಿ.ಎಸ್.ಟಿ. ಜಾಲತಾಣದಲ್ಲಿ ಮತ್ತೊಬ್ಬ ಅಧಿಕೃತ ಸಹಿದಾರ, ಉದ್ರಿ ಬಾಕಿಗಳ ಸ್ಪಷ್ಟ ಪಟ್ಟಿ, ಈ ಮೂರೂ ಆರೋಗ್ಯವಾಗಿರುವಾಗಲೇ ಸಿದ್ಧವಾಗಿರಬೇಕು. ವಿವರಣಾ ಪಟ್ಟಿ ಸಲ್ಲಿಸಲು ತಡವಾದರೆ ದಂಡಶುಲ್ಕವೂ, ತೆರಿಗೆ ಬಾಕಿಗೆ ವಾರ್ಷಿಕ ಶೇ. 18 ಬಡ್ಡಿಯೂ ಬೀಳುತ್ತವೆ. ಸಾಲದ ಕಂತು 90 ದಿನ ಮೀರಿ ಬಾಕಿಯಾದರೆ ಖಾತೆ ಅನುತ್ಪಾದಕವೆಂದು ವರ್ಗೀಕೃತವಾಗುತ್ತದೆ. ಅದಕ್ಕೆ ಮುನ್ನವೇ ಶಾಖಾ ವ್ಯವಸ್ಥಾಪಕರಿಗೆ ವೈದ್ಯಕೀಯ ದಾಖಲೆಗಳೊಡನೆ ಪತ್ರ ಬರೆದು ಕಂತಿನ ಮರುಹೊಂದಾಣಿಕೆಯನ್ನು ಕೋರುವುದು ಕೈಸಾಲದ ಮೀಟರ್ ಬಡ್ಡಿಗೆ ಸಿಲುಕುವುದಕ್ಕಿಂತ ಎಷ್ಟೋ ಮೇಲು.

ನೌಕರರ ವಿಷಯ

ಇ.ಎಸ್.ಐ. ವ್ಯವಸ್ಥೆಯು ಸಾಮಾನ್ಯವಾಗಿ 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ವೇತನ ಮಿತಿಯನ್ನು 2017ರಲ್ಲಿ 21,000 ರೂ.ಗಳಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ವಂತಿಗೆಯನ್ನು ಮಾಲೀಕರಿಗೆ ಶೇ. 3.25, ನೌಕರರಿಗೆ ಶೇ. 0.75ಕ್ಕೆ ಇಳಿಸಲಾಯಿತು. ನೋಂದಾಯಿತ ನೌಕರನಿಗೆ ಹೃದಯಾಘಾತವಾದರೆ ಚಿಕಿತ್ಸೆಯ ಜೊತೆಗೆ ಅರ್ಹತೆಗನುಗುಣವಾಗಿ ವೇತನದ ಶೇ. 70ರಷ್ಟು ಕಾಯಿಲೆ ಭತ್ಯೆಯೂ ವರ್ಷಕ್ಕೆ 91 ದಿನಗಳವರೆಗೆ ದೊರೆಯುತ್ತದೆ. ಏಕಮಾಲೀಕ ವರ್ತಕನಿಗೆ ಈ ಸೌಲಭ್ಯವಿಲ್ಲ. ನೌಕರನಿಗಾಗಿ ಕಾನೂನು ಕಲ್ಪಿಸಿರುವ ಆ 91 ದಿನಗಳ ಆಸರೆಯನ್ನು ಮಾಲೀಕನು ತನಗೆ ತಾನೇ ಕಲ್ಪಿಸಿಕೊಳ್ಳಬೇಕು. ಮೂರು ತಿಂಗಳ ಸ್ಥಿರ ಖರ್ಚು ಮತ್ತು ಮನೆವಾರ್ತೆಯಷ್ಟು ಹಣವನ್ನು ವ್ಯಾಪಾರದ ಖಾತೆಯಿಂದ ಬೇರ್ಪಡಿಸಿ ಠೇವಣಿಯಾಗಿಟ್ಟು, ವಿಮಾ ಪತ್ರ ಹಾಗೂ ಅಧಿಕಾರ ಪತ್ರಗಳ ವಿವರವನ್ನು ಒಂದೇ ಹಾಳೆಯಲ್ಲಿ ಬರೆದು ಮನೆಯವರ ಕೈಗೆ ನೀಡುವುದು ಈ ವರ್ಷದ ಲೆಕ್ಕ ಮುಗಿಯುವುದರೊಳಗೆ ಪ್ರತಿಯೊಬ್ಬ ವರ್ತಕನೂ ಮಾಡಬಹುದಾದ ಕಾರ್ಯ.