ಪುಟ್ಟ ಮರಿನಾಯಿಯ ಶಸ್ತ್ರಚಿಕಿತ್ಸೆ: ಉಪವಾಸ ಎಷ್ಟು ಹೊತ್ತು?

ಪಾಮೆರೇನಿಯನ್‌ನಂತಹ ಸಣ್ಣ ತಳಿಯ ಹೆಣ್ಣುಮರಿಗಳಿಗೆ ಸಾಮಾನ್ಯವಾಗಿ 5–6 ತಿಂಗಳ ವಯಸ್ಸಿನಲ್ಲಿ, ಮೊದಲ ಬೆದೆಗೆ ಮುನ್ನ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲಾಗುತ್ತದೆ. ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗವೂ ಇದರಿಂದ ತಪ್ಪುತ್ತದೆ.

ಅರಿವಳಿಕೆಯಲ್ಲಿರುವಾಗ ಹೊಟ್ಟೆಯ ಆಹಾರ ಮೇಲೆ ಬಂದು ಶ್ವಾಸಕೋಶ ಸೇರುವ ಅಪಾಯವಿರುವುದರಿಂದ ಉಪವಾಸ ಅವಶ್ಯಕ. ಆದರೆ ಹಿಂದಿನ ರಾತ್ರಿಯಿಂದಲೇ ಏನನ್ನೂ ಕೊಡಬಾರದೆಂಬ ರೂಢಿಯನ್ನು ಪುಟ್ಟ ಮರಿಗೆ ಅನ್ವಯಿಸುವುದು ಅಪಾಯಕರ. ಅದರ ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಅತ್ಯಲ್ಪ. ದೀರ್ಘ ಉಪವಾಸದಿಂದ ರಕ್ತದ ಸಕ್ಕರೆ ಕುಸಿದು ನಡುಕ, ತೂರಾಟ, ಸೆಳವುಗಳು ಕಾಣಿಸಿಕೊಳ್ಳಬಹುದು. ಆರೋಗ್ಯವಂತ ಬೆಳೆದ ನಾಯಿಗೆ 4ರಿಂದ 6 ಗಂಟೆಗಳ ಉಪವಾಸ ಸಾಕೆಂದೂ, 2 ಕಿಲೋಗ್ರಾಂಗಿಂತ ಹಗುರವಾದ ಮರಿಗೆ ಅದು 1–2 ಗಂಟೆಗಳನ್ನು ಮೀರಬಾರದೆಂದೂ ಅಮೆರಿಕದ ಪಶು ಆಸ್ಪತ್ರೆಗಳ ಸಂಘದ 2020ರ ಮಾರ್ಗಸೂಚಿ ತಿಳಿಸುತ್ತದೆ. ನೀರನ್ನು ನಿಲ್ಲಿಸಬೇಕಾಗಿಲ್ಲ. ಕೊನೆಯ ಊಟದ ವೇಳೆಯನ್ನು ಪಶುವೈದ್ಯರಿಂದಲೇ ಕೇಳಿ ತಿಳಿಯತಕ್ಕದ್ದು. ಬೆಳಗಿನ ಮೊದಲ ಸರದಿಯನ್ನು ಕೋರುವುದು ಲೇಸು. ಹಸಿದ ಮರಿಯ ಮುಖ ನೋಡಲಾರದೆ ಬಿಸ್ಕತ್ತು ಕೊಟ್ಟು ಸುಮ್ಮನಿರುವವರುಂಟು. ಕೊಟ್ಟಿದ್ದರೆ ಮುಚ್ಚಿಡದೆ ಹೇಳಬೇಕು. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರೆ ನಷ್ಟವೇನಿಲ್ಲ.

ಸಣ್ಣ ದೇಹ ಬೇಗನೆ ತಣ್ಣಗಾಗುವುದರಿಂದ ಹೊದಿಕೆಯೊಂದನ್ನು ಜೊತೆಗೆ ಒಯ್ಯಬೇಕು. ಉದುರದೆ ಉಳಿದ ಹಾಲುಹಲ್ಲು, ಹೊಕ್ಕುಳಿನ ಹರ್ನಿಯಾ ಇದ್ದಲ್ಲಿ ಅದೇ ಅರಿವಳಿಕೆಯಲ್ಲಿಯೇ ಸರಿಪಡಿಸಬಹುದೇ ಎಂದು ಮೊದಲೇ ವಿಚಾರಿಸಬೇಕು.

ಮರಿ ಪೂರ್ಣವಾಗಿ ಎಚ್ಚರಗೊಂಡ ಬಳಿಕ, ವೈದ್ಯರು ಒಪ್ಪಿದರೆ, ಸ್ವಲ್ಪ ಮೆದು ಆಹಾರ ಕೊಡಬಹುದು. ಮನುಷ್ಯರ ನೋವಿನ ಮಾತ್ರೆಗಳನ್ನು ಎಂದಿಗೂ ಕೊಡಕೂಡದು. ಐಬುಪ್ರೊಫೇನ್ ನಾಯಿಗೆ ವಿಷ. ಹೊಲಿಗೆಯನ್ನು ನೆಕ್ಕದಂತೆ ಕುತ್ತಿಗೆಗೆ ಕಟ್ಟುವ ಕೊಳವೆಯಾಕಾರದ ಪಟ್ಟಿಯನ್ನು 10ರಿಂದ 14 ದಿನ ತೆಗೆಯಬಾರದು. ಅಲ್ಲಿಯವರೆಗೆ ಸ್ನಾನವೂ ಬೇಡ.