ತೆನೆಯಲ್ಲೇ ಮೊಳೆತ ಭತ್ತ, ಕಾಯಲೊಲ್ಲದ ಕಾಫಿ ಬೀಜ

2021ರ ನವೆಂಬರ್‌ನಲ್ಲಿ ಕೊಡಗಿನಿಂದ ಮಳೆ ಹೊರಡಲೇ ಇಲ್ಲ. ಪುತ್ತರಿಯ ಆಸುಪಾಸಿನಲ್ಲಿ ಗದ್ದೆಗಳಲ್ಲಿ ನೀರು ನಿಂತಿತ್ತು. ಅಡ್ಡಬಿದ್ದ ಪೈರು ಕೆಸರಿಗೆ ತಾಗಿ, ಕೊಯ್ಲಿಗೆ ಮೊದಲೇ ತೆನೆಯ ಕಾಳುಗಳಿಂದ ಬಿಳಿ ಮೊಳಕೆ ಇಣುಕಿತ್ತು. ತೋಟಗಳಲ್ಲಿ ಅರೇಬಿಕಾ ಹಣ್ಣು ಒಡೆದು ಉದುರುತ್ತಿತ್ತು. ಆ ದಿನಗಳಲ್ಲಿ ಮಡಿಕೇರಿಯ ಸಮೀಪದ ಗದ್ದೆಯೊಂದರ ಏರಿಯ ಮೇಲೆ ನಿಂತಿದ್ದಾಗ ಅದರ ಯಜಮಾನರು ಕೇಳಿದ ಪ್ರಶ್ನೆ, ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನನ್ನ ಬೆನ್ನು ಬಿಡಲಿಲ್ಲ. "ಮೇಷ್ಟ್ರೇ, ಮಳೆ ಒಂದೇ, ಮಣ್ಣು ಒಂದೇ. ಆಚೆ ಗದ್ದೆಯ ತಳಿ ಪೂರ್ತಿ ಮೊಳೆತುಹೋಯಿತು, ಈಚೆಯದು ಇನ್ನೂ ಸುಮ್ಮನಿದೆ. ಇದಕ್ಕೆ ತಿಳಿವಳಿಕೆ ಕೊಟ್ಟವರು ಯಾರು?"

ಉತ್ತರ ಇರುವುದು ಕಾಳಿನ ಒಳಗೆ, ಡಿಎನ್‌ಎಗೆ ಅಂಟಿಕೊಂಡು ಕೆಲಸ ಮಾಡುವ ಕೆಲವು ಪ್ರೋಟೀನುಗಳಲ್ಲಿ.

ಭತ್ತದ ಬೇರಿನಲ್ಲಿ, ಎಲೆಯಲ್ಲಿ, ಕಾಳಿನ ಭ್ರೂಣದಲ್ಲಿ ಇರುವ ಡಿಎನ್‌ಎ ಒಂದೇ. ಯಾವ ಜೀನ್ ಎಲ್ಲಿ, ಯಾವಾಗ ದುಡಿಯಬೇಕು ಎಂಬುದಷ್ಟೇ ಬೇರೆ. ತೋಟದ ರೈಟರ್ ಬೆಳಿಗ್ಗೆ ಹಾಜರಿ ಕರೆದು ಇವರು ಕಪಾತಿಗೆ, ಅವರು ಗೊಬ್ಬರಕ್ಕೆ ಎಂದು ಕಳಿಸುವ ಹಾಗೆ, ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು ಜೀನುಗಳನ್ನು ಕೆಲಸಕ್ಕೆ ಹಚ್ಚುತ್ತವೆ. ಪ್ರತಿ ಜೀನಿನ ಮುಂಭಾಗದಲ್ಲಿ ಕೆಲವೇ ಅಕ್ಷರಗಳ ಗುರುತುಗಳಿರುತ್ತವೆ. ಬೀಜದ ಹಲವು ಜೀನುಗಳ ಮುಂದೆ ಇರುವ ಅಂಥ ಒಂದು ಗುರುತು ಸಿ-ಎ-ಟಿ-ಜಿ-ಸಿ-ಎ. ಅದನ್ನು ಹುಡುಕಿ ಹಿಡಿದುಕೊಳ್ಳುವ ಪ್ರೋಟೀನುಗಳ ಗುಂಪೇ ಬೀಜ ಬಲಿಯುವ ಕಾಲದ ಮುಖ್ಯ ನಿಯಂತ್ರಕ.

ಇದು ಮೊದಲು ಗೊತ್ತಾದದ್ದು ಮುಸುಕಿನ ಜೋಳದಿಂದ. ಕೆಲವು ಗಿಡಗಳಲ್ಲಿ ಕಾಳು ತೆನೆಯಲ್ಲಿ ಇರುವಾಗಲೇ ಮೊಳೆಯುತ್ತಿತ್ತು; ಕಾಳಿಗೆ ಬರಬೇಕಾದ ನೇರಳೆ ಬಣ್ಣವೂ ಬರುತ್ತಿರಲಿಲ್ಲ. ವಿಪಿ1 ಎಂಬ ಒಂದೇ ಜೀನ್ ಕೆಟ್ಟಿದ್ದರಿಂದ ಎರಡೂ ಆಗುತ್ತಿದ್ದವು. 1991ರಲ್ಲಿ ಅಮೆರಿಕದ ಡೊನಾಲ್ಡ್ ಮೆಕಾರ್ಟಿ ಮತ್ತು ಸಂಗಡಿಗರು ಆ ಜೀನ್ ತಯಾರಿಸುವ ಪ್ರೋಟೀನು ಇತರ ಜೀನುಗಳನ್ನು ಚಾಲೂ ಮಾಡುವಂಥದ್ದು ಎಂದು ತೋರಿಸಿದರು. ಅದಕ್ಕೂ ಮುಂಚೆ, 1984ರಲ್ಲಿ, ನೆದರ್‌ಲ್ಯಾಂಡ್ಸ್‌ನ ಮಾರ್ಟನ್ ಕೂರ್ನೀಫ್ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಕಳೆಗಿಡದಲ್ಲಿ ಎಬಿಐ3 ಎಂಬ ದೋಷವನ್ನು ಗುರುತಿಸಿದ್ದರು. ಆಮೇಲೆ ನೋಡಿದರೆ ಎಬಿಐ3 ಮತ್ತು ವಿಪಿ1 ಒಂದೇ ಮನೆತನದವು. ಎಬಿಐ3 ತೀರಾ ಕೆಟ್ಟ ಗಿಡದ ಬೀಜ ಬಲಿತರೂ ಹಸಿರಾಗಿಯೇ ಉಳಿಯುತ್ತದೆ, ಒಣಗಿದರೆ ಸತ್ತೇಹೋಗುತ್ತದೆ.

ಪಾಠ ಓದಿಸುವಾಗ ನಾನು ಇಷ್ಟನ್ನು ಹೇಳಿ ಮುಂದೆ ಹೋಗುತ್ತಿದ್ದೆ. ಗದ್ದೆಯ ಪ್ರಶ್ನೆ ಬಂದ ಮೇಲೆ ಒಂದು ಮಾತು ನಿಚ್ಚಳವಾಯಿತು: ಬೀಜ ನಿದ್ರಿಸುವುದೆಂದರೆ ಸುಮ್ಮನೆ ಬಿದ್ದಿರುವುದಲ್ಲ. ನಿದ್ರೆಯನ್ನು ತಾಯಿಗಿಡದ ಮೇಲೆಯೇ, ಕಾಳು ಹಾಲುಗಟ್ಟಿ ಬಲಿಯುವ ವಾರಗಳಲ್ಲಿ, ಜೀನುಗಳು ದುಡಿದು ಕಟ್ಟುತ್ತವೆ. ಆ ಕೆಲಸ ಅರ್ಧಕ್ಕೇ ನಿಂತ ಕಾಳಿಗೆ ಮಳೆ ಸಿಕ್ಕರೆ ಅದು ಕಾಯುವುದಿಲ್ಲ.

ಭತ್ತದಲ್ಲಿ ಎರಡು ಹಾರ್ಮೋನುಗಳ ಎಳೆದಾಟ ನಡೆಯುತ್ತದೆ. ಅಬ್ಸಿಸಿಕ್ ಆಮ್ಲ ಹೆಚ್ಚಿದ್ದಾಗ ವಿಪಿ1 ಮತ್ತು ಅದರ ಜೊತೆಗಾರ ಪ್ರೋಟೀನುಗಳು ಸೇರಿ ನಿದ್ರೆಯ ಜೀನುಗಳನ್ನು ಓಡಿಸುತ್ತವೆ. ಜಿಬ್ಬರೆಲಿನ್ ಮೇಲುಗೈ ಪಡೆದರೆ ಗ್ಯಾಮಿಬ್ ಎಂಬ ಮತ್ತೊಂದು ಪ್ರೋಟೀನು ಅಮೈಲೇಸ್ ಜೀನಿನ ಮುಂದೆ ಹೋಗಿ ಕೂರುತ್ತದೆ. ಇದು ನಡೆಯುವುದು ಕಾಳಿನ ಹೊರಪದರದಲ್ಲಿ. ಮಿಲ್ಲಿನಲ್ಲಿ ತೌಡಾಗಿ ಹೋಗುವುದು ಬಹುಪಾಲು ಅದೇ. ಅಲ್ಲಿ ತಯಾರಾದ ಅಮೈಲೇಸ್ ಒಳಗಿನ ಪಿಷ್ಟವನ್ನು ಕರಗಿಸಿ ಸಕ್ಕರೆ ಮಾಡಿ ಮೊಳಕೆಗೆ ಉಣಿಸುತ್ತದೆ. ಮೊಳೆತ ಭತ್ತ ಮಿಲ್ಲಿನಲ್ಲಿ ನುಚ್ಚಾಗುವುದು ಇದೇ ಕಾರಣಕ್ಕೆ. ಅಂದಹಾಗೆ ಜಿಬ್ಬರೆಲಿನ್ ಪತ್ತೆಯಾದದ್ದೂ ಭತ್ತದಿಂದಲೇ. 1926ರಲ್ಲಿ ಜಪಾನಿನ ಕುರೊಸಾವಾ ಭತ್ತದ ಸಸಿಗಳು ವಿಪರೀತ ಉದ್ದ ಬೆಳೆದು ಬೀಳುವ ರೋಗವನ್ನು ಪರೀಕ್ಷಿಸಿ, ಅದನ್ನು ತರುವ ಶಿಲೀಂಧ್ರದ ಸ್ರಾವವೇ ಹೀಗೆ ಮಾಡುತ್ತದೆ ಎಂದು ಕಂಡುಕೊಂಡರು.

ಇನ್ನು ತಳಿಗಳ ವ್ಯತ್ಯಾಸ. 2010ರಲ್ಲಿ ಜಪಾನಿನ ವಿಜ್ಞಾನಿಗಳು ಬೇಗ ಮೊಳೆಯುವ ನಿಪ್ಪೊನ್‌ಬಾರೆ ಮತ್ತು ಗಾಢವಾಗಿ ನಿದ್ರಿಸುವ ಕಸಲತ್ ತಳಿಗಳನ್ನು ಸಂಕರ ಮಾಡಿದ ಸಂತತಿಯಿಂದ ಎಸ್‌ಡಿಆರ್4 ಎಂಬ ಜೀನನ್ನು ಹೊರತೆಗೆದರು. ಅದನ್ನು ಚಾಲೂ ಮಾಡುವುದು ಭತ್ತದ ವಿಪಿ1. ಎರಡು ತಳಿಗಳಲ್ಲಿ ಈ ಜೀನಿನ ರೂಪ ಬೇರೆ ಬೇರೆ. ನಿದ್ರೆಯ ಆಳವೂ ಅದರಂತೆ ಬೇರೆ. ಬಿತ್ತಿದ್ದು ಒಟ್ಟಿಗೇ ಮೊಳೆಯಲಿ ಎಂದು ಮನುಷ್ಯ ತಲೆಮಾರುಗಳಿಂದ ಆರಿಸುತ್ತ ಬಂದಾಗ ನಿದ್ರೆಯೂ ಸವೆದುಹೋಗಿದೆ. ಗದ್ದೆಯ ಯಜಮಾನರಿಗೆ ಇದನ್ನು ಹೇಳಿದಾಗ ಅವರು ತಲೆಯಾಡಿಸಿ, "ಹಾಗಾದರೆ ಬಿತ್ತಕ್ಕೆ ಬೇಗ ಏಳುವುದೂ ಬೇಕು, ಕೊಯ್ಲಿಗೆ ತಡವಾಗಿ ಏಳುವುದೂ ಬೇಕು" ಎಂದರು. ತಳಿ ಅಭಿವೃದ್ಧಿ ಮಾಡುವವರ ತಲೆನೋವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಅಡ್ಡಬಿದ್ದ ಪೈರಿನ ತೆನೆಗೆ ಶೇ. 5ರ ಉಪ್ಪುನೀರು ಸಿಂಪಡಿಸಿ ಎಂದು ಕೃಷಿ ಇಲಾಖೆಯವರು ಹೇಳುವುದುಂಟು. ಅಂದರೆ ಲೀಟರ್ ನೀರಿಗೆ 50 ಗ್ರಾಂ ಉಪ್ಪು. ಉಪ್ಪು ಕಾಳಿನೊಳಕ್ಕೆ ನೀರು ಇಳಿಯುವುದನ್ನು ತಡೆಯುತ್ತದೆ. ನೀರಿಲ್ಲದೆ ಮೊಳಕೆಯ ಕೆಲಸ ಶುರುವಾಗದು. ಬಿಸಿಲು ಬಂದು ಕೊಯ್ಲು ಮಾಡುವ ತನಕ ಕೆಲವು ದಿನ ದಕ್ಕುತ್ತವೆ, ಅಷ್ಟೇ. ಆದರೆ ಅಂಥ ದಿನಗಳಲ್ಲಿ ಅಷ್ಟೇ ದೊಡ್ಡದು.

ಕೊಡಗಿನಲ್ಲಿ ಭತ್ತಕ್ಕೆ ತದ್ವಿರುದ್ಧ ಉದಾಹರಣೆ ಗದ್ದೆಯ ಮೇಲಿನ ತೋಟದಲ್ಲೇ ಇದೆ. ಭತ್ತವನ್ನು ಒಣಗಿಸಿಟ್ಟರೆ ಮುಂದಿನ ಮುಂಗಾರಿಗೆ ಬಿತ್ತಬಹುದು. ಕಾಫಿ ಬೀಜ ಹಾಗಲ್ಲ. ನರ್ಸರಿ ಮಾಡುವವರು ಆರೋಗ್ಯವಂತ ಗಿಡಗಳ ಕಳಿತ ಹಣ್ಣನ್ನೇ ಆರಿಸಿ, ಸಿಪ್ಪೆ ತೆಗೆದು, ಜರಡಿ ಹಿಡಿದ ಬೂದಿ ಬೆರೆಸಿ, ನೆರಳಿನಲ್ಲಿ ಹರಡುತ್ತಾರೆ, ಬಿಸಿಲಿಗೆ ಹಾಕುವುದಿಲ್ಲ. ತಡಮಾಡದೆ ಮಡಿಗೆ ಹಾಕುತ್ತಾರೆ. ರೊಬಸ್ಟಾ ಅರೇಬಿಕಾಗಿಂತಲೂ ಬೇಗ ಜೀವ ಬಿಡುತ್ತದೆ.

1973ರಲ್ಲಿ ಬ್ರಿಟನ್ನಿನ ರಾಬರ್ಟ್ಸ್ ಬೀಜಗಳನ್ನು ಒಣಗಿಸಿ ಇಡಬಹುದಾದವು, ಒಣಗಿದರೆ ಸಾಯುವವು ಎಂದು ಎರಡಾಗಿ ವಿಂಗಡಿಸಿದ್ದರು. 1990ರಲ್ಲಿ ಎಲ್ಲಿಸ್, ಹಾಂಗ್ ಮತ್ತು ಅದೇ ರಾಬರ್ಟ್ಸ್, ಕಾಫಿ ಬೀಜವನ್ನು ಪರೀಕ್ಷಿಸಿ ನಡುವೆ ಮೂರನೆಯ ಗುಂಪನ್ನು ಸೇರಿಸಬೇಕಾಯಿತು. ಅರೇಬಿಕಾ ಬೀಜ ಸಾಕಷ್ಟು ಒಣಗುವುದನ್ನು ಸಹಿಸುತ್ತದೆ, ಆದರೆ ಒಣಗಿಸಿ ಶೀತದಲ್ಲಿಟ್ಟರೆ ಬಾಳುವುದಿಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ತಳಿ ಸಂಗ್ರಹವನ್ನು ಗಿಡಗಳಾಗಿ, ತೋಟದಲ್ಲೇ ಬೆಳೆಸಿ ಕಾಪಾಡುವುದು ಇದಕ್ಕಾಗಿಯೇ. ನಮ್ಮ ಮನೆಗಳ ಹಲಸಿನ ಬೀಜ, ಸೀಮೆ ಬದನೆಕಾಯಿ ಇನ್ನೂ ಆಚೆಯವು. ಹಲಸಿನ ಬೀಜ ಕೆಲವೊಮ್ಮೆ ಹಣ್ಣಿನೊಳಗೇ ಮೊಳೆತಿರುತ್ತದೆ. ಸೀಮೆ ಬದನೆಯನ್ನು ಇಡೀ ಕಾಯಿಯಾಗಿಯೇ ನೆಡುತ್ತೇವೆ.

ಒಣಗಿದರೂ ಬದುಕುವ ಶಕ್ತಿಯಲ್ಲಿ ಎಲ್‌ಇಎ ಪ್ರೋಟೀನುಗಳದ್ದು ದೊಡ್ಡ ಪಾಲು. 1981ರಲ್ಲಿ ಲಿಯಾನ್ ಡ್ಯೂರ್ ತಂಡ ಹತ್ತಿಬೀಜದಲ್ಲಿ ಇವನ್ನು ಮೊದಲು ಗಮನಿಸಿತು. ಬೀಜ ಬಲಿಯುವ ಕೊನೆಯ ಹಂತದಲ್ಲಿ ಹೇರಳವಾಗಿ ತಯಾರಾಗಿ, ನೀರು ಹೋದ ಕೋಶದ ಒಳಗಿನ ಅಂಗಗಳು ಕುಸಿಯದಂತೆ ಸಕ್ಕರೆಗಳ ಜೊತೆ ಸೇರಿ ಕಾಯುತ್ತವೆ. ಇವುಗಳ ಜೀನುಗಳಲ್ಲಿ ಅನೇಕವನ್ನು ಕೆಲಸಕ್ಕೆ ಹಚ್ಚುವುದೂ ಎಬಿಐ3 ಮತ್ತು ಅದರ ಜೊತೆಗಾರರೇ.

ಇದನ್ನು ತಿಳಿದ ಮೇಲೆ ನಮ್ಮ ಮನೆಯಲ್ಲಿ ಬಿತ್ತನೆ ಭತ್ತ ತೆಗೆಯುವ ರೀತಿ ಬಿಗಿಯಾಗಿದೆ. ನಿಂತ ಪೈರಿನಿಂದ, ಪೂರ್ತಿ ಬಲಿತ ತೆನೆಗಳಿಂದ ಮಾತ್ರ ಬೀಜ ಆರಿಸುತ್ತೇವೆ. ಅಡ್ಡಬಿದ್ದ ಜಾಗದ್ದು ನೋಡಲು ಚೆನ್ನಾಗಿದ್ದರೂ ಬೇರೆ ರಾಶಿಗೆ ಹೋಗುತ್ತದೆ. ಒಮ್ಮೆ ನೆನೆದು ಮೊಳಕೆಯ ಜೀನುಗಳು ಎದ್ದ ಕಾಳನ್ನು ಮತ್ತೆ ಒಣಗಿಸಿದರೆ ಅದರ ಆಯುಸ್ಸು ಕಡಿಮೆ.

ಗದ್ದೆ ಇನ್ನೂ ಉಳಿಸಿಕೊಂಡಿರುವ ಕೊಡಗಿನ ಮನೆಗಳವರಲ್ಲಿ ನನ್ನದೊಂದು ವಿನಂತಿ. ಮುಂದಿನ ಸಲ ಕೊಯ್ಲಿಗೆ ಮಳೆ ಹಿಡಿದಾಗ ಯಾವ ತಳಿ ತೆನೆಯಲ್ಲೇ ಮೊಳೆಯಿತು, ಯಾವುದು ಎಷ್ಟು ದಿನ ತಡೆಯಿತು ಎಂದು ತಳಿಯ ಹೆಸರು, ದಿನಾಂಕದ ಸಮೇತ ಬರೆದಿಡಿ. ತಡೆದ ತಳಿಯ ಒಂದು ಸೇರು ಭತ್ತವನ್ನು ಬೇರೆ ಇಟ್ಟು, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ ಆ ಟಿಪ್ಪಣಿಯ ಜೊತೆ ತಲುಪಿಸಿ.