ಲೆಕ್ಕ ಮತ್ತು ನಂಬಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣವು ಒಂದು ಕಾಲದಲ್ಲಿ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಈ ನಗರದಲ್ಲಿದ್ದು ‘ಮಿತಾಕ್ಷರಾ’ ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಇದು ಯಾಜ್ಞವಲ್ಕ್ಯಸ್ಮೃತಿಯ ವ್ಯಾಖ್ಯಾನ. ಆಸ್ತಿಯ ವಿಭಾಗದ ವಿಚಾರಕ್ಕಾಗಿ ಪ್ರಸಿದ್ಧವಾದ ಈ ಗ್ರಂಥದಲ್ಲಿ, ಹಲವರು ಬಂಡವಾಳ ಕೂಡಿಸಿ ವ್ಯಾಪಾರ ಮಾಡುವಾಗ ನಡೆದುಕೊಳ್ಳಬೇಕಾದ ರೀತಿಯೂ ವಿವೇಚಿತವಾಗಿದೆ. ಲಾಭವನ್ನೂ ನಷ್ಟವನ್ನೂ ಅವರವರು ಹಾಕಿದ ಹಣಕ್ಕೆ ಅನುಗುಣವಾಗಿಯೋ, ಮೊದಲೇ ಮಾಡಿಕೊಂಡ ಒಪ್ಪಂದದಂತೆಯೋ ಹಂಚಿಕೊಳ್ಳಬೇಕು. ಕಪಟ ಮಾಡಿದ ಪಾಲುದಾರನನ್ನು ಲಾಭ ಕೊಡದೆ ಹೊರಗೆ ಹಾಕಬೇಕು ಎಂಬುದು ಅದರ ನಿಯಮ. ಇಂದಿನ ಷೇರು ಕಂಪನಿಯ ತಿರುಳೂ ಇದೇ: ಅನೇಕರ ಹಣ, ಕೆಲವರ ಆಡಳಿತ, ಎಲ್ಲರ ನಂಬಿಕೆ.

ಈ ನಂಬಿಕೆ ಹೇಗೆ ಮುರಿಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ತಿಳಿಯಬಹುದು. ಹುಮನಾಬಾದಿನಲ್ಲಿ ಹತ್ತು ಮಂದಿ ತಲಾ 10,000 ರೂಪಾಯಿ ಹಾಕಿ ತೊಗರಿಯ ವ್ಯಾಪಾರ ಆರಂಭಿಸಿದರೆನ್ನೋಣ. ಲಾಭವನ್ನು ಹಂಚಿಕೊಳ್ಳದೆ ಪೆಟ್ಟಿಗೆಯಲ್ಲಿಯೇ ಉಳಿಸುವುದೆಂದು ಒಪ್ಪಂದ. ಮೊದಲ ವರ್ಷ 10,000 ರೂಪಾಯಿ ಲಾಭ ಬಂದಿತು. ಎರಡನೆಯ ವರ್ಷ 12,000 ಬರಬೇಕೆಂದು ಪಾಲುದಾರರು ಬಯಸಿದರು. ಬಂದದ್ದು 8,000 ಮಾತ್ರ. ನಿಜ ಹೇಳಿದರೆ ತನ್ನ ಮರ್ಯಾದೆ ಹೋಗುವುದೆಂದು ಹೆದರಿದ ವ್ಯವಸ್ಥಾಪಕನು ಮಾರದ ಚೀಲಗಳನ್ನು ಮಾರಿದಂತೆ ಬರೆದು, ಲೆಕ್ಕದಲ್ಲಿ 12,000 ತೋರಿಸಿದನು. ಮೂರನೆಯ ವರ್ಷ ಬಂದದ್ದು ಮತ್ತೆ 8,000, ತೋರಿಸಬೇಕಾದದ್ದು 14,000. ಮೊದಲ ಸುಳ್ಳು 4,000, ಎರಡನೆಯದು 6,000. ಪುಸ್ತಕದಲ್ಲಿದ್ದು ಪೆಟ್ಟಿಗೆಯಲ್ಲಿ ಇಲ್ಲದ ಹಣ ಈಗ 10,000 ಆಯಿತು. ಲೆಕ್ಕವನ್ನು ನಂಬಿ ಹೆಚ್ಚಿನ ಬೆಲೆ ಕೊಟ್ಟು ಒಂದು ಪಾಲನ್ನು ಕೊಂಡ ಹೊಸಬನು, ಇಲ್ಲದ ವಸ್ತುವಿಗೆ ಹಣ ತೆತ್ತನು.

ಷೇರುಪೇಟೆಯಲ್ಲಿ ಈ ಒತ್ತಡ ಇನ್ನೂ ತೀವ್ರವಾದುದು. ಅಲ್ಲಿ ಕಂಪನಿಗಳು ಮೂರು ತಿಂಗಳಿಗೊಮ್ಮೆ ತಮ್ಮ ಫಲಿತಾಂಶವನ್ನು ಪ್ರಕಟಿಸುತ್ತವೆ. ಲಾಭವು ನಿರೀಕ್ಷೆಗಿಂತ ತುಸು ಕಡಿಮೆಯಾದರೂ ಷೇರಿನ ಬೆಲೆ ಕುಸಿಯಬಹುದು. ಆಡಳಿತಗಾರರು ತಮ್ಮ ಷೇರುಗಳನ್ನು ಒತ್ತೆಯಿಟ್ಟು ಸಾಲ ತಂದಿದ್ದರೆ, ಬೆಲೆಯನ್ನು ಎತ್ತಿಹಿಡಿಯುವ ಆಸೆ ಇಮ್ಮಡಿಯಾಗುತ್ತದೆ.

ಹುಮನಾಬಾದಿನ ಮೂಲಕ ಸಾಗುವ ಹೆದ್ದಾರಿ ಹೈದರಾಬಾದನ್ನು ತಲುಪುತ್ತದೆ. 1956ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು. ಆ ನಗರದಲ್ಲಿ 1987ರಲ್ಲಿ ಸ್ಥಾಪಿತವಾದ ಸತ್ಯಂ ಕಂಪ್ಯೂಟರ್ ಸರ್ವಿಸಸ್ ದೇಶದ ದೊಡ್ಡ ಕಂಪನಿಗಳಲ್ಲಿ ಒಂದಾಗಿ ಬೆಳೆಯಿತು. 2009ರ ಜನವರಿ 7ರಂದು ಅದರ ಅಧ್ಯಕ್ಷ ಬಿ. ರಾಮಲಿಂಗರಾಜು ಅವರು, ವರ್ಷಗಳಿಂದ ಲೆಕ್ಕವನ್ನು ಉಬ್ಬಿಸಿ ತೋರಿಸಿದ್ದಾಗಿ ಪತ್ರದಲ್ಲಿ ಒಪ್ಪಿಕೊಂಡರು. ಆ ಪತ್ರದ ಪ್ರಕಾರ, 2008ರ ಸೆಪ್ಟೆಂಬರಿನಲ್ಲಿ ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಮೂರು ತಿಂಗಳ ಕಾರ್ಯಾಚರಣೆಯ ಲಾಭ 649 ಕೋಟಿ ಎಂದು ತೋರಿಸಲಾಗಿತ್ತು. ನಿಜವಾದದ್ದು 61 ಕೋಟಿ. ಸುಮಾರು 179 ರೂಪಾಯಿಯಿದ್ದ ಷೇರು ಅಂದೇ 40 ರೂಪಾಯಿಗೆ ಇಳಿಯಿತು. ಉಳಿತಾಯದ ಹಣ ಹಾಕಿದ್ದ ಸಾಮಾನ್ಯ ಜನರೂ ಕಂಗೆಟ್ಟರು. ದುಡಿದು ಹೆಸರು ತಂದಿದ್ದ ಸಾವಿರಾರು ನೌಕರರ ಭವಿಷ್ಯವೂ ತೂಗುಯ್ಯಾಲೆಯಲ್ಲಿ ನಿಂತಿತು.

ಇಲ್ಲದ ಮಾರಾಟಕ್ಕೆ ಬಿಲ್ಲುಗಳನ್ನು ಸೃಷ್ಟಿಸಿ, ಇಲ್ಲದ ಠೇವಣಿಗೆ ಪತ್ರಗಳನ್ನು ಹುಟ್ಟಿಸಿದ್ದು ತನಿಖೆಯಿಂದ ಹೊರಬಿದ್ದಿತು. ಲೆಕ್ಕಪರಿಶೋಧಕರು ಬ್ಯಾಂಕುಗಳಿಂದ ನೇರವಾಗಿ ದೃಢೀಕರಣ ಪಡೆಯಬೇಕಾಗಿತ್ತು. ಆ ಕೆಲಸ ಸರಿಯಾಗಿ ನಡೆಯಲಿಲ್ಲ. ವಿಪರ್ಯಾಸವೆಂದರೆ, ಉತ್ತಮ ಆಡಳಿತಕ್ಕಾಗಿ ಈ ಕಂಪನಿಗೆ 2008ರಲ್ಲಿ ಪ್ರಶಸ್ತಿಯೂ ದೊರೆತಿತ್ತು! ಸರ್ಕಾರವು ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸದನ್ನು ನೇಮಿಸಿತು. 2009ರ ಏಪ್ರಿಲಿನಲ್ಲಿ ನಡೆದ ಹರಾಜಿನಲ್ಲಿ ಟೆಕ್ ಮಹೀಂದ್ರ ಕಂಪನಿಯು ಗೆದ್ದಿತು. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯವು ರಾಜು ಸೇರಿದಂತೆ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ, ಏಳು ವರ್ಷಗಳ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದರು.

ಈ ಘಟನೆಯ ತರುವಾಯ ಕಾನೂನು ಬಿಗಿಯಾಯಿತು. 2013ರ ಕಂಪನಿ ಕಾಯಿದೆಯು, ಷೇರುಪೇಟೆಯಲ್ಲಿರುವ ಕಂಪನಿಗಳು ಗೊತ್ತಾದ ಅವಧಿಗೊಮ್ಮೆ ಲೆಕ್ಕಪರಿಶೋಧಕರನ್ನು ಬದಲಿಸಬೇಕೆಂದು ವಿಧಿಸಿತು. ಲೆಕ್ಕಪರಿಶೋಧಕರ ಕೆಲಸವನ್ನು ಪರಿಶೀಲಿಸಲು 2018ರಲ್ಲಿ ರಾಷ್ಟ್ರೀಯ ಪ್ರಾಧಿಕಾರವೊಂದು ರಚಿತವಾಯಿತು. ಆದರೆ ಕಾನೂನು ಎಚ್ಚರಿಕೆಗೆ ಬದಲಿಯಲ್ಲ. ಹಣ ಹೂಡುವವನು ಲಾಭದ ಅಂಕಿಯೊಂದನ್ನೇ ನೋಡಿ ಹಿಗ್ಗಬಾರದು. ಮಾರಾಟದ ಹಣ ಕೈಗೆ ಬಂದಿದೆಯೇ, ಠೇವಣಿಗೆ ತಕ್ಕ ಬಡ್ಡಿ ಬರುತ್ತಿದೆಯೇ, ಕೈತುಂಬ ಹಣವಿದ್ದೂ ಸಾಲ ಮಾಡುತ್ತಿರುವುದೇಕೆ ಎಂದು ಪ್ರಶ್ನಿಸಬೇಕು. ಒಂದು ವರ್ಷವೂ ಇಳಿಯದೆ ಏರುತ್ತಲೇ ಹೋಗುವ ಲಾಭವನ್ನು ಕಂಡಾಗ ಇನ್ನಷ್ಟು ವಿಚಾರಿಸಬೇಕು. ಮಳೆಯನ್ನು ನಂಬಿದ ಬೀದರಿನ ರೈತನಿಗೆ ಎಲ್ಲ ವರ್ಷದ ಬೆಳೆಯೂ ಒಂದೇ ಸಮನಾಗಿರುವುದಿಲ್ಲವೆಂಬುದು ಚೆನ್ನಾಗಿ ಗೊತ್ತು.

ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರಿಯ ಕೈಯಲ್ಲಿರುವ ಹಣ ಅವನದಲ್ಲ. ಅದಕ್ಕೆಂದೇ ಅವನು ಲೆಕ್ಕ ಒಪ್ಪಿಸಬೇಕು. ಹತ್ತು ಮಂದಿಯ ತೊಗರಿ ವ್ಯಾಪಾರಕ್ಕೂ, ಲಕ್ಷ ಮಂದಿಯ ಕಂಪನಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ನಷ್ಟವಾದ ವರ್ಷ ನಷ್ಟವೆಂದೇ ಬರೆದವನು ಆ ವರ್ಷದ ಹೊಗಳಿಕೆಯನ್ನು ಕಳೆದುಕೊಳ್ಳಬಹುದು. ಮುಂದಿನ ವರ್ಷ ಅವನು ಹೇಳುವ ಲಾಭವನ್ನು ಜನ ನಂಬುತ್ತಾರೆ.